ಸಂಘದ ದನಿಯೋ, ಕರಡು ಮಸೂದೆಗೆ ಆಕ್ಷೇಪಣೆಯೋ?

ಕಾರ್ಮಿಕ ಕಾನೂನು ರೂಪುಗೊಳ್ಳುವಾಗ ತಮ್ಮ ಅನುಭವವನ್ನು ಸರ್ಕಾರಕ್ಕೆ ಮುಟ್ಟಿಸಬಯಸುವ ಮಾನವ ಸಂಪನ್ಮೂಲ ಅಧಿಕಾರಿಗಳಿಗೆ ಮುಖ್ಯವಾಗಿ ಎರಡು ದಾರಿಗಳಿವೆ: ಉದ್ಯಮ ಸಂಘದ ಮೂಲಕ ಹೇಳಿಸುವುದು, ಇಲ್ಲವೇ ಕರಡು ಮಸೂದೆಗೆ ತಾವೇ ಲಿಖಿತ ಆಕ್ಷೇಪಣೆ ಸಲ್ಲಿಸುವುದು. ಉದ್ಯಮ ಸಂಘದ ದಾರಿಗೆ ವೇಗ ಹೆಚ್ಚು: ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70ರಷ್ಟನ್ನು ಸ್ಥಳೀಯರಿಗೆ ಮೀಸಲಿಡುವ ಕರ್ನಾಟಕದ ಮಸೂದೆಯನ್ನು 2024ರ ಜುಲೈನಲ್ಲಿ ಐ.ಟಿ. ಕಂಪನಿಗಳ ಸಂಘವಾದ ನಾಸ್ಕಾಮ್ ಮತ್ತು ಉದ್ಯಮಿಗಳು ವಿರೋಧಿಸಿದ ಬೆನ್ನಲ್ಲೇ ಸರ್ಕಾರ ತಡೆಹಿಡಿಯಿತು. ಆದರೆ ಸಂಘ ಆಡುವುದು ಬಹುಮಟ್ಟಿಗೆ ಮಾಲೀಕರ ಮಾತನ್ನು. ಸಿಬ್ಬಂದಿಯ ನಿತ್ಯದ ತೊಡಕುಗಳು ಅಲ್ಲಿ ಸೋಸಿಹೋಗುತ್ತವೆ. ಒಂದು ಕಲಮನ್ನಷ್ಟೇ ತಿದ್ದಿಸಬೇಕಿದ್ದರೆ, ನಿಧಾನವಾದರೂ, ಲಿಖಿತ ಆಕ್ಷೇಪಣೆಯೇ ಮೇಲು ಎಂಬುದು ನನ್ನ ಎಣಿಕೆ. ಅದೇ ವರ್ಷ ಗಿಗ್ ಕಾರ್ಮಿಕರ (ಆ್ಯಪ್‌ಗಳ ಮೂಲಕ ಡೆಲಿವರಿ, ಕ್ಯಾಬ್‌ನಂಥ ಕೆಲಸ ಮಾಡುವವರ) ಮಸೂದೆಯ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡಲಾಗಿತ್ತು. ಇಂಥ ಅವಕಾಶದಲ್ಲಿ ಪಾಳಿ, ವೇತನ, ಹಾಜರಾತಿಯ ಲೆಕ್ಕವನ್ನು ಮುಂದಿಟ್ಟು ಬದಲಿ ಪದಗಳನ್ನೂ ಸೂಚಿಸುವ ಪತ್ರಕ್ಕೆ ತೂಕವಿರುತ್ತದೆ. ಸಂಸ್ಥೆಯ ಹೆಸರಿನಲ್ಲಿ ಬರೆಯುವುದಾದರೆ ಮಾತ್ರ ಅದರ ಆಡಳಿತ ಮಂಡಳಿಯ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು.