ಬಿ ಫಾರಂ ಬಾರದೆ ಶಾಲು ಮುದ್ರಿಸದ ಅಂಗಡಿ

ಶಾಮಿಯಾನ, ಕುರ್ಚಿ, ಧ್ವನಿವರ್ಧಕ ಬಾಡಿಗೆಗೆ ಕೊಡುವುದು ನನ್ನ ಕಸುಬು. ಮದುವೆ, ದೈವದ ನೇಮ, ಯಕ್ಷಗಾನ ಎಲ್ಲದಕ್ಕೂ ಹೋಗುತ್ತೇನೆ; ಚುನಾವಣೆ ಬಂದರೆ ಯಾವ ಪಕ್ಷದವರು ಕರೆದರೂ ಹೋಗುತ್ತೇನೆ. ಕರೆದವರು “ಶಾಲು, ಬಾವುಟವನ್ನೂ ನೀವೇ ನೋಡಿಕೊಳ್ಳಿ ಮಾರಾಯರೇ” ಎಂದು ಅದನ್ನೂ ನನ್ನ ತಲೆಗೆ ಕಟ್ಟುತ್ತಾರೆ. ಹಾಗಾಗಿ 2012ರ ಲೋಕಸಭಾ ಉಪಚುನಾವಣೆಯಿಂದಲೂ ಉಡುಪಿ ಸಿಟಿ ಬಸ್ ನಿಲ್ದಾಣದ ಆಚೆಗಿನ ಓಣಿಯಲ್ಲಿರುವ ಈ ಮುದ್ರಣದಂಗಡಿಯ ಗಿರಾಕಿ ನಾನು.

ಮೊದಲು ಸರಕಿನ ಮಾತು. ಸ್ಯಾಟಿನ್ ಶಾಲು ಸಾವಿರದ ಲೆಕ್ಕದಲ್ಲಿ ಕೊಂಡಾಗ ಕಳೆದ ಸಲ ಒಂದಕ್ಕೆ 28 ರೂಪಾಯಿ ಬಿತ್ತು. ಬಣ್ಣ ಗಟ್ಟಿ. ಇದನ್ನು ಧೈರ್ಯವಾಗಿ ಹೇಳಲು ಕಾರಣವಿದೆ. 2019ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಮೈತ್ರಿಯಿತ್ತು. ಉಡುಪಿ–ಚಿಕ್ಕಮಗಳೂರು ಕ್ಷೇತ್ರಕ್ಕೆ ಕಾಂಗ್ರೆಸ್ಸಿನ ಪ್ರಮೋದ್ ಮಧ್ವರಾಜರು ಜೆಡಿಎಸ್ ಅಭ್ಯರ್ಥಿಯಾಗಿ ನಿಂತರು. ಜೆಡಿಎಸ್ಸಿನ ಹಸಿರು ಶಾಲು ನಮ್ಮ ಕಡೆ ಅಪರೂಪ. ತರಿಸಿದ್ದರಲ್ಲಿ ಒಂದು ಮೂಟೆ ಹಾಗೆಯೇ ಉಳಿದು ಗೋದಾಮಿನ ಅಟ್ಟ ಸೇರಿತು. ಐದು ಮಳೆಗಾಲ ಕಳೆದು 2024 ಬಂತು. ಜೆಡಿಎಸ್ ಈಗ ಬಿಜೆಪಿಯ ಜೊತೆ. ಮೂಟೆ ಬಿಚ್ಚಿದರೆ ತೆನೆ ಹೊತ್ತ ಮಹಿಳೆಯ ಒಂದು ಗೆರೆಯೂ ಮಾಸಿರಲಿಲ್ಲ. ತ್ರಿವರ್ಣದ ಪಕ್ಕ ತೊಡಲೆಂದು ಹೊಲಿಸಿದ್ದು ಕೇಸರಿಯ ಪಕ್ಕ ಕುಳಿತಿತು. ಅಷ್ಟು ಹೊತ್ತಿಗೆ ಮಧ್ವರಾಜರೂ ಬಿಜೆಪಿ ಸೇರಿ ಎರಡು ವರ್ಷವಾಗಿತ್ತು. ಬಟ್ಟೆಯ ಬಾಳಿಕೆಗೆ ಇದಕ್ಕಿಂತ ದೊಡ್ಡ ಪರೀಕ್ಷೆ ನನಗೆ ಗೊತ್ತಿಲ್ಲ.

ಅಂಗಡಿಯ ಯಜಮಾನರದ್ದು ಒಂದು ಹಟ: ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಬರೆದುಕೊಡುವ ಬಿ ಫಾರಂ ಕೈಗೆ ಬರುವ ತನಕ ಅಭ್ಯರ್ಥಿಯ ಹೆಸರು, ಭಾವಚಿತ್ರ ಮುದ್ರಿಸುವುದಿಲ್ಲ. ಒಮ್ಮೆ ನನಗೆ ಸಿಟ್ಟು ಬಂದು ಆಕಾಂಕ್ಷಿಯೊಬ್ಬರ ಹೆಸರಿನ ಮುನ್ನೂರು ಟೊಪ್ಪಿಗಳನ್ನು ಬೇರೊಂದು ಕಡೆ ಮಾಡಿಸಿದೆ. ಟಿಕೆಟ್ ಇನ್ನೊಬ್ಬರ ಪಾಲಾಯಿತು, ಹಣ ಇವತ್ತಿಗೂ ಬಂದಿಲ್ಲ. ಟೊಪ್ಪಿಗಳನ್ನು ತೋಟದ ಕೆಲಸದವರು ಸವೆಸಿದರು. “ನಾನು ಆವತ್ತೇ ಹೇಳಿರಲಿಲ್ಲವಾ ಅಣ್ಣ?” ಎಂದು ಯಜಮಾನರು ಈಗಲೂ ಚುಚ್ಚುತ್ತಾರೆ.

ಅವರ ಗಾಜಿನ ಕಪಾಟಿನಲ್ಲಿ ತಂದೆಯ ಕಾಲದ ಮರದ ಅಚ್ಚುಗಳಿವೆ. ಕಾಂಗ್ರೆಸ್ಸಿನ ಜೋಡೆತ್ತು, ಆಮೇಲಿನ ಹಸು–ಕರು, ಬಿಜೆಪಿಗಿಂತ ಮೊದಲಿದ್ದ ಜನಸಂಘದ ದೀಪ. 1968ರಲ್ಲಿ ಉಡುಪಿ ಪುರಸಭೆ ಜನಸಂಘಕ್ಕೆ ಒಲಿದು ಡಾ. ವಿ.ಎಸ್. ಆಚಾರ್ಯರು ಅಧ್ಯಕ್ಷರಾದದ್ದು ಈ ದೀಪದಿಂದ. ಹಾಗೆಂದು ಊರು ಆಗಲೇ ಪೂರ್ತಿ ತಿರುಗಿತ್ತು ಎನ್ನಬೇಡಿ. 1980ರಿಂದ 1996ರವರೆಗೆ ಆಸ್ಕರ್ ಫರ್ನಾಂಡಿಸರು ಕೈ ಗುರುತಿನಲ್ಲಿ ಇಲ್ಲಿಂದ ಸತತ ಐದು ಬಾರಿ ಲೋಕಸಭೆಗೆ ಗೆದ್ದರು. ಪುರಸಭೆಗೆ ಒಂದು ಗುರುತು, ದೆಹಲಿಗೆ ಇನ್ನೊಂದು ಎಂದು ಲೆಕ್ಕ ಹಾಕಿ ಒತ್ತಿದವರು ಇಲ್ಲಿದ್ದರು. ನನ್ನ ಅಪ್ಪನೂ ಅವರಲ್ಲೊಬ್ಬರು.

ಯಜಮಾನರಿಗೂ ನನಗೂ ವಾದ ಬೀಳುವುದು ಜಯಪ್ರಕಾಶ್ ಹೆಗ್ಡೆಯವರ ವಿಷಯಕ್ಕೆ. 2012ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು, 2017ರಲ್ಲಿ ಬಿಜೆಪಿಗೆ ಹೋದರು, 2024ರಲ್ಲಿ ಮರಳಿ ಕಾಂಗ್ರೆಸ್ಸಿನಿಂದ ನಿಂತು ಕೋಟ ಶ್ರೀನಿವಾಸ ಪೂಜಾರಿಯವರೆದುರು ಸೋತರು. ಪಕ್ಷ ಬಿಟ್ಟವರನ್ನು ಜನ ಕ್ಷಮಿಸುವುದಿಲ್ಲ ಎನ್ನುತ್ತಾರೆ ಯಜಮಾನರು. ನಾನು ಒಪ್ಪುವುದಿಲ್ಲ. ಕುಂದಾಪುರದ ಹಾಲಾಡಿ ಶ್ರೀನಿವಾಸ ಶೆಟ್ಟರು ಬಿಜೆಪಿ ಬಿಟ್ಟು 2013ರಲ್ಲಿ ಪಕ್ಷೇತರರಾಗಿ ಗೆದ್ದರು, 2018ರಲ್ಲಿ ಬಿಜೆಪಿಯಿಂದಲೇ ಮತ್ತೆ ಗೆದ್ದರು. ಪುತ್ತೂರಿನಲ್ಲಿ 2013ಕ್ಕೆ ಶಕುಂತಲಾ ಶೆಟ್ಟಿ, 2023ಕ್ಕೆ ಅಶೋಕ್ ರೈ ಕಾಂಗ್ರೆಸ್ಸಿಗೆ ಗೆಲುವು ತಂದರು. ಇಬ್ಬರೂ ಬಿಜೆಪಿಯ ಮನೆಯಿಂದ ಬಂದವರೇ. ನಾಯಕ ಶಾಲು ಬದಲಿಸಿದ್ದಕ್ಕೆ ನಮ್ಮವರು ಬೇಸರಪಡುವುದಿಲ್ಲ. ಅವರು ನೋಡುವುದು ಆತ ಯಾವ ಮನೆಯವ, ಕರೆದಾಗ ಬರುತ್ತಾನೋ ಇಲ್ಲವೋ ಎಂದು. ಆದರೂ ಉಡುಪಿ ಜಿಲ್ಲೆಯ ಐದಕ್ಕೆ ಐದೂ ಸ್ಥಾನ 2018ರಲ್ಲಿಯೂ 2023ರಲ್ಲಿಯೂ ಕಮಲಕ್ಕೇ ಹೋದವು ಎಂದು ಯಜಮಾನರು ನೆನಪಿಸಿದಾಗ ನಾನು ಚಹಾ ತರಿಸಲು ಹೇಳುತ್ತೇನೆ.

ದೂರುಗಳೂ ಇವೆ. ಅಂಚಿನ ಹೊಲಿಗೆ ಸಡಿಲ. ನೂರರಲ್ಲಿ ಹತ್ತು ಶಾಲುಗಳ ದಾರ ಮೊದಲ ಮೆರವಣಿಗೆಗೇ ಬಿಚ್ಚುತ್ತದೆ. ಹತ್ತಿ ಬಟ್ಟೆಯ ಬಾವುಟವಂತೂ ಬೇಡವೇ ಬೇಡ: ಒಂದು ಮಳೆಗೆ ಹಸಿರು ಬಿಳಿಗೆ ಇಳಿದು ಕಾರ್ಯಕರ್ತರಿಂದ ನಾನು ಬೈಸಿಕೊಂಡೆ. ಹೇಳಿದ ದಿನಕ್ಕೆ ಮಾಲು ಸಿಕ್ಕಿದ್ದು ನೆನಪಿಲ್ಲ, ಎರಡು ದಿನ ಮೊದಲೇ ಸುಳ್ಳು ಗಡುವು ಹೇಳಿ. ಬಿಲ್ ಮಾತ್ರ ಚೊಕ್ಕ. ವಿಧಾನಸಭೆಗೆ 40 ಲಕ್ಷದ ವೆಚ್ಚದ ಮಿತಿ ಇರುವಾಗ ಶಾಲೊಂದರ ಲೆಕ್ಕವನ್ನೂ ಕೇಳುತ್ತಾರೆ. ಇವರ ಬಿಲ್ಲಿನ ಮೇಲೆ ಇದುವರೆಗೆ ಯಾರೂ ತಕರಾರು ತೆಗೆದಿಲ್ಲ.

ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಬಾಗಿಲು ಹಾಕಿರುತ್ತಾರೆ. ದೇವಸ್ಥಾನದ ಬ್ರಹ್ಮಕಲಶೋತ್ಸವದ ಶಾಲಿಗೆ ಅರ್ಧ ಮುಂಗಡ ಸಾಕು. ಪಕ್ಷದ್ದಾದರೆ ಪೂರ್ತಿ ಹಣ ಮೊದಲೇ ಎಣಿಸಬೇಕು, ಯಾವ ಪಕ್ಷವಾದರೂ.