ಹಳೆಯ ಸ್ವರ ಹಸ್ತಪ್ರತಿಗೆ ತಿದ್ದುಪಡಿ ಗುರುತು: ಮ್ಯೂಸ್‌ಸ್ಕೋರ್, ಲಿಲಿಪಾಂಡ್, ಎಂಇಐ

ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳನ್ನು ಓಲೆಗರಿಯಿಂದ ಸಂಪಾದಿಸುವವರು ಮೂಲವನ್ನು ಅಳಿಸಿ ತಿದ್ದಬಾರದು. ಪಾಠಾಂತರ (ಪ್ರತಿಯಿಂದ ಪ್ರತಿಗೆ ಬದಲಾಗುವ ಓದು) ಅಡಿಟಿಪ್ಪಣಿಯಲ್ಲಿ ಉಳಿಯಬೇಕು. ಯುರೋಪಿನ 16ನೇ ಶತಮಾನದ ಸ್ವರ ಹಸ್ತಪ್ರತಿಗೂ ಶಿಸ್ತು ಇದೇ. ಬೇಳ, ಮಂಜೇಶ್ವರದ ಕಡೆ ಚರ್ಚಿನ ಗಾಯಕರಿಗೆ ಪ್ರತಿ ಸಿದ್ಧಪಡಿಸುವವರು ಯಾವ ತಂತ್ರಾಂಶವನ್ನಾದರೂ ಒಂದೇ ಪ್ರಶ್ನೆಯಿಂದ ಅಳೆಯಬೇಕು: ತಿದ್ದಿದ ಮೇಲೂ ಲಿಪಿಕಾರ ಬರೆದದ್ದು ಕಾಣುತ್ತದೆಯೇ?

ಹಸ್ತಪ್ರತಿಯಲ್ಲೇ ಇರುವ ಶಾರ್ಪ್ (ಸ್ವರ ಏರಿಸುವ ಚಿಹ್ನೆ), ಫ್ಲ್ಯಾಟ್ (ಇಳಿಸುವ ಚಿಹ್ನೆ) ನೋಟಿನ ಎಡಕ್ಕೆ ನಿಲ್ಲುತ್ತವೆ. ಮ್ಯೂಸಿಕಾ ಫಿಕ್ಟಾ, ಅಂದರೆ ಬರೆದಿಲ್ಲದಿದ್ದರೂ ಹಾಡುವಾಗ ಬೇಕೆಂದು ಸಂಪಾದಕ ಸೂಚಿಸುವ ಚಿಹ್ನೆ, ನೋಟಿನ ನೆತ್ತಿಯ ಮೇಲೆ ಚಿಕ್ಕದಾಗಿ, ಆ ಒಂದು ನೋಟಿಗೆ ಮಾತ್ರ. ಬಿಟ್ಟುಹೋದದ್ದನ್ನು ಸೇರಿಸಿದರೆ ಚೌಕ ಕಂಸ. ಸೇರಿಸಿದ ಸ್ಲರ್ (ನೋಟುಗಳನ್ನು ಕೂಡಿಸುವ ಕಮಾನುಗೆರೆ) ತುಂಡುಗೆರೆಯಲ್ಲಿ.

ಪರದೆಯ ಮೇಲೇ ನೋಟು ಕೂರಿಸುವ ತಂತ್ರಾಂಶ ಮ್ಯೂಸ್‌ಸ್ಕೋರ್‌ನಲ್ಲಿ ಕಂಸ, ತುಂಡುಗೆರೆ ಎರಡೂ ಪ್ರಾಪರ್ಟೀಸ್‌ನಲ್ಲೇ ಸಿಗುತ್ತವೆ. ತೊಡಕು ಫಿಕ್ಟಾದಲ್ಲಿ. ಚಿಹ್ನೆಯನ್ನು ಎಡದಿಂದ ಮೇಲಕ್ಕೆ ಎಳೆದು ಕೂರಿಸಬೇಕು. ಆ ಅಂತರ ನೋಟಿನಿಂದ ಲೆಕ್ಕವಾಗುವುದರಿಂದ ಪ್ರತಿ ನೋಟಿನ ಎತ್ತರಕ್ಕೂ ಬೇರೆ ಅಳತೆ. ಇದನ್ನು ತಪ್ಪಿಸಲು ಸಿಂಬಲ್ಸ್‌ನಿಂದ ಬರಿಯ ಚಿತ್ರ ಅಂಟಿಸಿದರೆ ಪ್ಲೇಬ್ಯಾಕ್‌ನಲ್ಲಿ ಸ್ವರ ಬದಲಾಗದು, ಶ್ರುತಿ ಬದಲಿಸಿದಾಗ ಚಿಹ್ನೆ ಹಾಗೆಯೇ ಉಳಿದು ತಪ್ಪಾಗುತ್ತದೆ. ತಿದ್ದುಪಡಿಗೆ ಬಣ್ಣ ಹಚ್ಚುವುದಂತೂ ಬೇಡವೇ ಬೇಡ: ಗಾಯಕರ ಕೈಗೆ ಹೋಗುವುದು ಕಪ್ಪು-ಬಿಳುಪು ಜೆರಾಕ್ಸ್.

ಫಿಕ್ಟಾ ಹೆಚ್ಚಿರುವ ಕೃತಿಗೆ, ನೋಟುಗಳನ್ನು ಅಕ್ಷರಗಳಾಗಿ ಟೈಪಿಸಿ ಅಚ್ಚಿಗೆ ತರುವ ಲಿಲಿಪಾಂಡೇ ಸರಿ. ನೋಟಿಗೆ ಮೊದಲು ‘ಒನ್ಸ್’ (ಒಂದು ಸಲಕ್ಕೆ ಮಾತ್ರ) ಸಮೇತ ‘ಸಜೆಸ್ಟ್‌ಆಕ್ಸಿಡೆಂಟಲ್ಸ್’ ಅನ್ನು ಆನ್ ಮಾಡಿದರೆ ಚಿಹ್ನೆ ತಾನಾಗಿ ಮೇಲೆ ಕೂರುತ್ತದೆ, ಮಿಡಿ ಪ್ಲೇಬ್ಯಾಕ್‌ನಲ್ಲೂ ಸರಿಯಾದ ಸ್ವರವೇ ಕೇಳುತ್ತದೆ. ‘ಒನ್ಸ್’ ಮರೆತರೆ ಮುಂದೆ ಬರುವ ಹಸ್ತಪ್ರತಿಯ ಚಿಹ್ನೆಗಳೂ ಮೇಲೇರಿ, ಲಿಪಿಕಾರನದ್ದು ಸಂಪಾದಕನದ್ದಾಗಿ ತೋರುತ್ತದೆ. ಮೂಲದಲ್ಲಿ ಬಾರ್‌ಗೆರೆಯೇ (ತಾಳದ ಅಳತೆ ಬೇರ್ಪಡಿಸುವ ಲಂಬಗೆರೆ) ಇಲ್ಲದಿದ್ದರೆ ಚಿಹ್ನೆ ಬಾರ್ ಮುಗಿಯುವವರೆಗೆ ಅನ್ವಯಿಸುವ ಇಂದಿನ ನಿಯಮ ಅಲ್ಲಿ ಸಲ್ಲದು. ಆಕ್ಸಿಡೆಂಟಲ್ ಸ್ಟೈಲನ್ನು ‘ಫರ್ಗೆಟ್’ಗೆ ಇಡಿ, ಬೇಕಾದ ಪ್ರತಿ ನೋಟಿಗೂ ಚಿಹ್ನೆ ಮೂಡುತ್ತದೆ. ಇನ್ನೊಂದು ಎಚ್ಚರ: ಒಂದು ಫ್ಲ್ಯಾಟ್ ಇರುವ ಶ್ರುತಿಸೂಚಿಯಲ್ಲೂ (ಸಾಲಿನ ಆರಂಭದ ಕೀ ಸಿಗ್ನೇಚರ್) ಬಿ ಫ್ಲ್ಯಾಟನ್ನು ‘ಬೆಸ್’ ಎಂದೇ ಟೈಪಿಸಬೇಕು. ಬರೇ ‘ಬಿ’ ಒತ್ತಿದರೆ ಹಸ್ತಪ್ರತಿಯಲ್ಲಿ ಇಲ್ಲದ ನ್ಯಾಚುರಲ್ (ಫ್ಲ್ಯಾಟ್ ರದ್ದುಮಾಡುವ ಚಿಹ್ನೆ) ಅಚ್ಚಾಗುತ್ತದೆ.

ಲಿಲಿಪಾಂಡ್‌ನ ದೊಡ್ಡ ಬಲ ‘ಟ್ಯಾಗ್’. ಲಿಪಿಕಾರನ ಪಾಠಕ್ಕೊಂದು, ತಿದ್ದಿದ್ದಕ್ಕೊಂದು ಟ್ಯಾಗ್ ಕೊಟ್ಟು, ‘ಕೀಪ್‌ವಿತ್‌ಟ್ಯಾಗ್’ನಿಂದ ಒಂದೇ ಕಡತದಲ್ಲಿ ಎರಡು ಪ್ರತಿ ತೆಗೆಯಬಹುದು. ಎರಡೂ ಪಾಠಗಳ ಒಟ್ಟು ಕಾಲಾವಧಿ ಸಮವಾಗಿರಲಿ. ಇಲ್ಲವಾದರೆ ಅಲ್ಲಿಂದ ಮುಂದೆ ಆ ಧ್ವನಿ ಉಳಿದವುಗಳ ಜೊತೆ ಹೊಂದದು.

ಸ್ವರಲಿಪಿಯನ್ನು ಎಕ್ಸ್‌ಎಂಎಲ್‌ನಲ್ಲಿ ದಾಖಲಿಸುವ ಮಾದರಿ ಎಂಇಐಯಲ್ಲಿ ‘ಚಾಯ್ಸ್’ ಒಳಗೆ ‘ಸಿಕ್’ (ಮೂಲದಲ್ಲಿರುವ ತಪ್ಪು), ‘ಕಾರ್’ (ತಿದ್ದಿದ್ದು) ಜೋಡಿಯಾಗಿ ಇರುತ್ತವೆ. ತಿದ್ದಿದವರು ಯಾರು, ಎಷ್ಟು ಖಚಿತ ಎಂಬುದನ್ನೂ ದಾಖಲಿಸಬಹುದು. ಎಂಇಐ ಕಡತವನ್ನು ಸ್ವರಲಿಪಿಯಾಗಿ ತೋರಿಸುವ ವೆರೋವಿಯೋದಲ್ಲಿ ಬೇಕಾದ ಪಾಠ ಆರಿಸಿ ತೋರಿಸಬಹುದು. ಪಾಠಶೋಧನೆಗೆ ಇದಕ್ಕಿಂತ ಪ್ರಾಮಾಣಿಕ ರೂಪ ಇವುಗಳಲ್ಲಿ ಇನ್ನೊಂದಿಲ್ಲ. ಆದರೆ ಒಂದು ನೋಟಿನ ತಿದ್ದುಪಡಿಗೂ ಹಲವು ಸಾಲು ಎಕ್ಸ್‌ಎಂಎಲ್ ಬರೆಯಬೇಕಾದೀತು. ಭಾನುವಾರದ ಹಾಡಿಗೆ ಅಷ್ಟು ಬೇಡ. ಲಿಪಿಕಾರನ ತಪ್ಪುಗಳೇ ಅಧ್ಯಯನದ ವಿಷಯವಾದಾಗ ಮಾತ್ರ ಇದನ್ನು ಹಿಡಿಯಿರಿ.