ಅಪವರ್ತನ ತೋರಿಸುವ ಕ್ಯಾಲ್ಕುಲೇಟರ್: ಎರಡು ತಿಂಗಳ ಬಳಕೆಯ ನಂತರ

ಪಿಯುಸಿ ಓದುತ್ತಿರುವ ಮಗಳಿಗಾಗಿ ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಕೊಂಡ ಸೈಂಟಿಫಿಕ್ ಕ್ಯಾಲ್ಕುಲೇಟರನ್ನು ಎರಡು ತಿಂಗಳಿಂದ ನಾವಿಬ್ಬರೂ ಬಳಸುತ್ತಿದ್ದೇವೆ. ತ್ರಿಕೋನಮಿತಿ, ಲಾಗರಿದಮ್ ಮುಂತಾದ ಲೆಕ್ಕಗಳಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಹತ್ತು ಅಂಕಿಗಳವರೆಗಿನ ಪೂರ್ಣಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿ ತೋರಿಸುವ ಗುಂಡಿ.

ಅಂಗಡಿಯಲ್ಲಿ ನಿಂತೇ ಅಲ್ಲಿಯ ಪಿನ್‌ಕೋಡ್ 575001 ಒತ್ತಿದೆ. 3²×7×9127 ಎಂದು ಬಂತು. ಉಡುಪಿಗೆ ಮರಳಿ 576101 ಒತ್ತಿದಾಗ ಸಂಖ್ಯೆ ಬಿಡಿಸಿಕೊಳ್ಳದೆ ಹಾಗೆಯೇ ನಿಂತಿತು. ಎಷ್ಟೋ ವರ್ಷಗಳಿಂದ ಲಕೋಟೆಗಳ ಮೇಲೆ ಬರೆಯುತ್ತ ಬಂದ ನಮ್ಮೂರಿನ ಪಿನ್‌ಕೋಡ್ ಅವಿಭಾಜ್ಯ ಸಂಖ್ಯೆಯೆಂದು ಅಂದು ತಿಳಿದು ನಿಜಕ್ಕೂ ಸಂತೋಷವಾಯಿತು.

ಬಳಿಕ 4294967297 ಕೊಟ್ಟೆವು. ಎರಡರ 32ನೆಯ ಘಾತಕ್ಕೆ ಒಂದನ್ನು ಕೂಡಿಸಿದರೆ ದೊರೆಯುವ ಸಂಖ್ಯೆಯಿದು. ಇದೇ ಬಗೆಯ 3, 5, 17, 257, 65537 ಅವಿಭಾಜ್ಯಗಳಾಗಿರುವುದರಿಂದ ಇದೂ ಹಾಗೆಯೇ ಇರಬೇಕೆಂದು ಹದಿನೇಳನೆಯ ಶತಮಾನದಲ್ಲಿ ಫರ್ಮಾ ನಂಬಿದ್ದರು. 641 ಇದನ್ನು ನಿಶ್ಶೇಷವಾಗಿ ಭಾಗಿಸುತ್ತದೆಂದು 1732ರಲ್ಲಿ ಆಯ್ಲರ್ ತೋರಿಸಿದರು. ನಮ್ಮ ಪರದೆಯ ಮೇಲೆ ಮೂಡಿದ್ದು 641×(6700417).

"ಅಪ್ಪಾ, ಇದಕ್ಕೆ ಮಾತ್ರ ಆವರಣ ಯಾಕೆ?" ಎಂದು ಮಗಳು ಕೇಳಿದಳು. ಜೊತೆಗೆ ಬಂದ ಕೈಪಿಡಿಯಲ್ಲಿ ಕಾರಣದ ವಿವರಣೆ ಇಲ್ಲದಿರುವುದು ನನ್ನ ಮುಖ್ಯ ಆಕ್ಷೇಪ. ಈ ಯಂತ್ರವು ಮೂರು ಅಂಕಿಗಳವರೆಗಿನ, ಎಂದರೆ 997ರವರೆಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡುತ್ತದೆ. ಮುಂದಿನ ಅವಿಭಾಜ್ಯ 1009. ಅದರ ವರ್ಗ 1018081. ಭಾಗಿಸಿದ ಮೇಲೆ ಉಳಿದದ್ದು ಈ ವರ್ಗಕ್ಕಿಂತ ಚಿಕ್ಕದಾಗಿದ್ದರೆ ಅದು ಅವಿಭಾಜ್ಯವೇ ಸರಿ, ಆದ್ದರಿಂದಲೇ 9127ಕ್ಕೆ ಆವರಣ ಬರಲಿಲ್ಲ. 6700417 ಅದಕ್ಕಿಂತ ದೊಡ್ಡದು. ಆವರಣ ಹಾಕಿ ಯಂತ್ರವು ತೀರ್ಮಾನವನ್ನು ನಮಗೆ ಬಿಡುತ್ತದೆ. ಪರೀಕ್ಷಿಸದ ಸಂಖ್ಯೆಯನ್ನು ಅವಿಭಾಜ್ಯವೆಂದು ದಾಟಿಸದ ಈ ಪ್ರಾಮಾಣಿಕತೆ ನನಗೆ ಬಹಳ ಮೆಚ್ಚಿಗೆಯಾಯಿತು.

ಉಳಿದ ಕೆಲಸ ನೋಟ್‌ಪುಸ್ತಕದಲ್ಲಿ ನಡೆಯಿತು. 4294967297ರ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 128ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕೆಂಬ ನಿಯಮವಿದೆ; 6700417ರ ವರ್ಗಮೂಲವೋ 2589ಕ್ಕಿಂತ ಕಡಿಮೆ. ಆ ಮಿತಿಯೊಳಗೆ ನಿಯಮಕ್ಕೆ ಒಪ್ಪುವ ಅವಿಭಾಜ್ಯಗಳು 257, 641, 769, 1153, 1409 ಎಂಬ ಐದೇ. ಮಗಳು ಐದರಿಂದಲೂ ಭಾಗಿಸಿ ಕ್ರಮವಾಗಿ 170, 44, 120, 334, 622 ಎಂದು ಶೇಷಗಳನ್ನು ಬರೆದಳು. ಆವರಣದೊಳಗಿನ ಸಂಖ್ಯೆ ಅವಿಭಾಜ್ಯವೆಂದು ಖಚಿತವಾಯಿತು.

ಸಂಖ್ಯೆಗಳಲ್ಲಿ ಆಸಕ್ತಿಯಿರುವ ಮಕ್ಕಳಿಗೆ ಇದನ್ನು ಧಾರಾಳವಾಗಿ ಕೊಡಿಸಬಹುದು. ದೊಡ್ಡ ಸಂಖ್ಯೆಗಳನ್ನು ಪೂರ್ತಿಯಾಗಿ ಬಿಡಿಸಬೇಕೆನ್ನುವವರು ಕೊಳ್ಳುವ ಮೊದಲು ಅಂಗಡಿಯಲ್ಲೇ 1018081 ಒತ್ತಿ ನೋಡಲಿ: 1009ರ ವರ್ಗವಾಗಿದ್ದರೂ ಇದು ಅದನ್ನು ಇಡಿಯಾಗಿ ಆವರಣದೊಳಗೇ ತೋರಿಸುತ್ತದೆ.